ತಂಗಿ ಸಾಸವಡ ಸೀತಾಫಳ ಮಾವಶಿ ಖೋಲಿ

ಪುಣೆಯಲ್ಲಿ ನಾನು ಕಾವಲು ಕಾಯುವ ಕಂಪನಿಯ ಗಾಜಿನ ಬಾಗಿಲ ಮೇಲೆ ಆಳೆತ್ತರದ ಬೀಗದ ಚಿತ್ರವಿದೆ. ಅದರ ಕೆಳಗೆ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ‘ನಿಮ್ಮ ಮಾಹಿತಿ ನಮ್ಮಲ್ಲಿ ಭದ್ರ’ ಎಂದು ಬರೆದಿದ್ದಾರೆ. ಮೂರು ವರ್ಷದಿಂದ ಅದರ ಪಕ್ಕ ನಿಂತಿದ್ದೇನೆ. ಅದನ್ನು ಯಾರಾದರೂ ಓದಿದ್ದನ್ನು ನೋಡಿಲ್ಲ. ದಿನಕ್ಕೆ ಎರಡು ಸಲ ಒರೆಸುವುದನ್ನು ನೋಡಿದ್ದೇನೆ.

ಆ ಬೀಗದ ಬುಡದಲ್ಲೇ ನನ್ನ ಮೇಜು. ಮೇಜಿನ ಮೇಲೆ ಬಂದವರ ಹೆಸರು, ಊರು, ಫೋನ್ ನಂಬರು ಬರೆಸುವ ರಿಜಿಸ್ಟರು. ಅದು ಯಾವಾಗಲೂ ತೆರೆದೇ ಇರುತ್ತದೆ. ಹತ್ತನೆಯವನು ಬರೆಯುವಾಗ ಮೇಲಿನ ಒಂಬತ್ತು ಜನರ ನಂಬರು ಓದಿಕೊಂಡೇ ಬರೆಯುತ್ತಾನೆ. ತುಂಬಿದ ರಿಜಿಸ್ಟರು ರದ್ದಿಗೆ ಹೋಗುತ್ತದೆ. ಒಮ್ಮೆ ಎದುರಿನ ಗಾಡಿಯಲ್ಲಿ ಹುರಿದ ಶೇಂಗಾ ಕೊಂಡು, ತಿಂದು ಮುಗಿಸಿ, ಪೊಟ್ಟಣದ ಕಾಗದ ಬಿಡಿಸಿ ನೋಡಿದರೆ ಮೇಲೆ ನನ್ನದೇ ಅಕ್ಷರದಲ್ಲಿ ತಾರೀಖು. ಕೆಳಗೆ ಸಾಲಾಗಿ ಎಂಟು ಜನರ ನಂಬರು, ಉಪ್ಪು ಹತ್ತಿಕೊಂಡು. ಸೂಪರ್‌ವೈಸರಿಗೆ ತೋರಿಸಿದೆ. ಅವರು ನಕ್ಕು, “ಅಣ್ಣಾ, ಶೇಂಗಾ ಛಲೋ ಇದ್ವೋ ಇಲ್ಲೋ ಹೇಳು,” ಎಂದರು.

ಕಂಪನಿಯ ಕಸುಬು ಒಂದು ಆ್ಯಪ್. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಅದು ಯಾರದೆಂದು ಪರದೆಯ ಮೇಲೆ ಹೆಸರು ತೋರಿಸುವ ಆ್ಯಪ್. ಆ ಹೆಸರು ಅದಕ್ಕೆ ಎಲ್ಲಿಂದ ತಿಳಿಯುತ್ತದೆ ಎಂದು ನಾನು ಕೇಳಲಿಲ್ಲ. ಗೇಟಿನಲ್ಲಿ ನಿಂತವನು ಕೇಳುವುದು ಐಡಿ ಕಾರ್ಡು ಮಾತ್ರ.

ವರ್ಷಕ್ಕೊಮ್ಮೆ ಅಲ್ಲಿ ಪ್ರೈವಸಿ ವಾರ ಆಚರಿಸುತ್ತಾರೆ. ನಮ್ಮ ಕಡೆ ಪಂಚಮಿ ಮಾಡಿದ ಹಾಗೆ, ಉಂಡಿ ಒಂದಿಲ್ಲ. ಬೀಗದ ಆಕಾರದ ಕೇಕು ತರಿಸಿ ಕತ್ತರಿಸುತ್ತಾರೆ. ಕಳೆದ ವರ್ಷ ನಮ್ಮ ಪಾಲಿಗೆ ಅದರ ಕೊಂಡಿ ಬಂತು. ಆ ವಾರದಲ್ಲಿ ಇಂಜಿನಿಯರುಗಳಿಂದ ಹಿಡಿದು ಕಸ ಹೊಡೆಯುವವರ ತನಕ ಎಲ್ಲರೂ ಕಂಪ್ಯೂಟರಿನಲ್ಲಿ ಒಂದು ಪರೀಕ್ಷೆ ಕೊಡಬೇಕು. ಕಾವಲುಗಾರರು ನಾವು ಹತ್ತೊಂಬತ್ತು ಜನ. ನಾನು ಯಾದಗಿರಿ ಕಡೆಯ ಒಂದು ಹಳ್ಳಿಯಲ್ಲಿ ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಆದರೂ ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತೇನೆಂದು ಎಲ್ಲರ ಪರವಾಗಿ ನನ್ನನ್ನೇ ಕೂರಿಸಿದರು. ಸೂಪರ್‌ವೈಸರು ಕೈಗೊಂದು ಚೀಟಿ ಕೊಟ್ಟರು. ಬಿ, ಎ, ಡಿ, ಬಿ ಎಂದು ಉತ್ತರಗಳ ಪಟ್ಟಿ.

“ಓದಬ್ಯಾಡ ಅಣ್ಣಾ, ಒತ್ತು,” ಎಂದರು. “ಓದಿದವರು ಫೇಲ್ ಆಗ್ತಾರ.”

ಒತ್ತಿದೆ. ಹತ್ತೊಂಬತ್ತು ಜನರೂ ಪಾಸಾದೆವು. ಅವರಲ್ಲೊಬ್ಬ ಎರಡು ತಿಂಗಳ ಹಿಂದೆಯೇ ಕೆಲಸ ಬಿಟ್ಟು ಬಿಹಾರಕ್ಕೆ ಹೋಗಿದ್ದ. ಅವನಿಗೂ ನೂರಕ್ಕೆ ನೂರು. ಪ್ರಮಾಣಪತ್ರಗಳನ್ನು ಗೋಡೆಗೆ ಅಂಟಿಸಿದರು. ಏಳನೆಯ ಪ್ರಶ್ನೆಯೊಂದು ಮಾತ್ರ ನನ್ನ ತಲೆಯಲ್ಲಿ ಉಳಿಯಿತು: ನಿಮ್ಮಲ್ಲಿರುವ ಇನ್ನೊಬ್ಬರ ಫೋನ್ ನಂಬರನ್ನು ಅವರನ್ನು ಕೇಳದೆ ಬೇರೆಯವರಿಗೆ ಕೊಡಬಹುದೇ? ‘ಕೊಡಬಾರದು’ ಎಂದು ಹತ್ತೊಂಬತ್ತು ಸಲ ಒತ್ತಿದ್ದೆ. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಅದೇ ದಿನ ಮಧ್ಯಾಹ್ನ ಇನ್ನೊಂದು ಮೇಜು ಹಾಕಿದರು. ಕಂಪನಿಯ ಆ್ಯಪನ್ನು ಫೋನಿಗೆ ಹಾಕಿಕೊಂಡವರಿಗೆ ಬೀಗದ ಚಿತ್ರವಿರುವ ಸ್ಟೀಲ್ ನೀರಿನ ಬಾಟಲಿ. ನಾನೂ ಹಾಕಿಕೊಂಡೆ. ಫೋನಿನಲ್ಲಿರುವ ಎಲ್ಲ ಹೆಸರುಗಳನ್ನು ನೋಡಲು ಬಿಡುತ್ತೀರಾ ಎಂದು ಅದು ಕೇಳಿತು. ಇಲ್ಲ ಎಂದು ಒತ್ತಿದೆ. ಮತ್ತೆ ಕೇಳಿತು. ಇಲ್ಲ ಎಂದೆ. ಮೂರನೆಯ ಸಲವೂ ಕೇಳಿತು. ಸಂತೆಯ ಭಿಕ್ಷುಕನೂ ಎರಡು ಸಲ ಇಲ್ಲ ಎಂದರೆ ಮುಂದೆ ಹೋಗುತ್ತಾನೆ. ಮೇಜಿನ ಮೇಲೆ ಬಾಟಲಿಗಳು ಖಾಲಿಯಾಗುತ್ತಿದ್ದವು. ಹೂಂ ಎಂದು ಒತ್ತಿಬಿಟ್ಟೆ.

ನಮ್ಮ ಜನ ಫೋನಿನಲ್ಲಿ ಬರೀ ಹೆಸರು ಬರೆದುಕೊಳ್ಳುವುದಿಲ್ಲ. ಒಂದೇ ಹೆಸರಿನವರು ಹತ್ತು ಜನ ಇರುತ್ತಾರೆ. ಇವತ್ತು ಒಂದು ಸೈಟು, ನಾಳೆ ಇನ್ನೊಂದು. ವಿಳಾಸ ಬರೆದಿಡುವ ಪುಸ್ತಕ ಯಾರ ಬಳಿಯೂ ಇಲ್ಲ. ಹಾಗಾಗಿ ಹೆಸರಿನ ಜಾಗದಲ್ಲೇ ಊರು, ಕೆಲಸ, ಓಣಿಯ ಗುರುತು ಎಲ್ಲವನ್ನೂ ತುಂಬುತ್ತೇವೆ. ‘ಮಾಮಾ ವಾರ್ಜೆ ಸೆಂಟ್ರಿಂಗ್ ನೀರಿನ ಟಾಕಿ ಹಿಂದ.’ ‘ಕಾಕಿ ಹಡಪಸರ ಹನುಮಾನ ಗುಡಿ.’ ತಂಗಿಯ ನಂಬರನ್ನೂ ಹಾಗೆಯೇ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದೆ: ‘ತಂಗಿ ಸಾಸವಡ ಸೀತಾಫಳ ಮಾವಶಿ ಖೋಲಿ.’ ಅವಳು ಎಲ್ಲಿದ್ದಾಳೆಂದು ಯಾರಿಗೂ ತಿಳಿಯಬಾರದೆಂದು ಅವಳನ್ನು ಅಲ್ಲಿ ಬಚ್ಚಿಟ್ಟವನೂ ನಾನೇ.

ತಂಗಿಯನ್ನು ಇಂದಾಪುರದ ಕಡೆ ಕಬ್ಬು ಕಡಿಯುವ ಗುಂಪಿನ ಮುಕಾದಮನಿಗೆ ಕೊಟ್ಟಿದ್ದೆವು. ಆಳುಗಳ ಮೇಲೆ ಮಾಡುವ ದರ್ಪವನ್ನು ಅವನು ಮನೆಗೂ ತರುತ್ತಿದ್ದ. ಎಡಗೈ ಎರಡನೆಯ ಸಲ ಮುರಿದಾಗ ಅವಳು ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ನನ್ನ ಹತ್ತಿರ ಬಂದಳು. ನಾನಿರುವ ಕೋಣೆ, ಈ ಊರಿನ ಮಾತಿನಲ್ಲಿ ಖೋಲಿ, ಅವನಿಗೆ ಗೊತ್ತಿತ್ತು. ಅದಕ್ಕೇ ಅವಳನ್ನು ಪುಣೆಯಿಂದ ಸ್ವಲ್ಪ ದೂರದ ಸಾಸವಡಕ್ಕೆ ಸಾಗಿಸಿದೆ. ಅಲ್ಲಿ ಸೀತಾಫಲ ಮಾರುವ ಒಬ್ಬ ಮರಾಠಿ ಮುದುಕಿ ಹಣ್ಣು ಆರಿಸಿ ಬುಟ್ಟಿ ತುಂಬುವ ಕೆಲಸ ಕೊಟ್ಟು, ಮನೆಯ ಹಿಂದಿನ ಖೋಲಿಯನ್ನೂ ಕೊಟ್ಟಳು. ಓಣಿಯವರೆಲ್ಲ ಅವಳನ್ನು ಸೀತಾಫಳ ಮಾವಶಿ, ಅಂದರೆ ಸೀತಾಫಲದ ಚಿಕ್ಕಮ್ಮ, ಎನ್ನುತ್ತಿದ್ದರು. ನಾವೂ ಹಾಗೇ ಕರೆದೆವು. ತಂಗಿಯ ಗಂಡ ನನ್ನಲ್ಲಿಗೆ ಎರಡು ಸಲ ಬಂದು ಕೊರಳಪಟ್ಟಿ ಹಿಡಿದು ಕೇಳಿದ. ನಾನು ಬಾಯಿ ಬಿಡಲಿಲ್ಲ. ಕೊರಳಪಟ್ಟಿ ಹಿಡಿದವನಿಗೆ ಹೇಳದ್ದನ್ನು ಬಾಟಲಿ ಕೊಟ್ಟವರಿಗೆ ಹೇಳಿದ್ದೆ.

ತಂಗಿಯ ಆಧಾರ್ ಕಾರ್ಡು ಗಂಡನ ಮನೆಯಲ್ಲೇ ಉಳಿದಿತ್ತು. ಅದಿಲ್ಲದೆ ಅವಳಿಗೆ ಎಲ್ಲೂ ಏನೂ ಆಗುತ್ತಿರಲಿಲ್ಲ. ಅವಳ ನಾದಿನಿ ಒಳ್ಳೆಯವಳು. ಅವಳನ್ನು ಕೇಳೋಣವೆಂದು ತಂಗಿ ಒಂದು ದಿನ ಫೋನು ಹಚ್ಚಿದಳು. ಎತ್ತಿದವನು ಗಂಡ. ಇವಳು ಉಸಿರೆತ್ತದೆ ಇಟ್ಟುಬಿಟ್ಟಳು. ಹೊಸ ನಂಬರು, ಮಾತೂ ಆಡಿಲ್ಲ, ಏನು ತಿಳಿಯುತ್ತದೆ ಎಂದುಕೊಂಡೆವು.

ಮೂರನೆಯ ದಿನ ಮಧ್ಯಾಹ್ನ ಅವನು ಸಾಸವಡದ ಓಣಿಯಲ್ಲಿ ನಿಂತು ಸೀತಾಫಳ ಮಾವಶಿಯ ಖೋಲಿ ಯಾವುದೆಂದು ಕೇಳುತ್ತಿದ್ದ. ಮಾವಶಿ ಕೈಯಲ್ಲಿದ್ದ ಕೊಯ್ತಾ ಕತ್ತಿಯನ್ನು ಕೆಳಗಿಡದೆ ಹೊಸ್ತಿಲಿಗೆ ಅಡ್ಡ ಕುಳಿತಳಂತೆ. “ಪಾಊಲ ಪುಢಂ ಟಾಕ, ಮಗ ಬಘ,” ಎಂದಳಂತೆ. ಹೆಜ್ಜೆ ಮುಂದಿಡು, ಆಮೇಲೆ ನೋಡು, ಎಂದು. ಆ ಗದ್ದಲದಲ್ಲಿ ತಂಗಿ ಹಿಂದಿನ ಬಾಗಿಲಿನಿಂದ ಹೊರಬಿದ್ದು ಪುಣೆಯ ಬಸ್ಸು ಹಿಡಿದಳು. ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ನಮ್ಮ ಕಡೆಯ ಇಬ್ಬರು ಹೆಂಗಸರಿದ್ದರು. ಅವರ ಖೋಲಿ ಸೇರಿಕೊಂಡು ಅದೇ ಕೆಲಸಕ್ಕೆ ಕುಳಿತಳು. ಫೋನು ಬಂದ್ ಮಾಡಿಟ್ಟಳು.

“ಮುದುಕಿ ನಾಟಕ ಮಾಡ್ಯಾಳ ಅಣ್ಣಾ,” ಎಂದಳು ನಾನು ನೋಡಲು ಹೋದಾಗ. “ಆಕಿ ಮಗಳನ್ನ ಇಂದಾಪುರದ ಕಡೀನೇ ಕೊಟ್ಟಾರ. ಅಲ್ಲಿಂದೇ ಹೋಗ್ಯದ ಸುದ್ದಿ. ಇಲ್ಲಂದ್ರ ಅವನಿಗೆ ಓಣ್ಯಾಗ ಕರಿಯೋ ಹೆಸರು ಸುದ್ದಾ ಹ್ಯಾಂಗ ಗೊತ್ತಾತು?”

“ಇರಬಹುದು,” ಎಂದೆ. ಆ ದಿನ ನಾನೂ ಅದನ್ನೇ ನಂಬಿದ್ದೆ.

ಒಂದು ವಾರ ಕಳೆದಿರಬೇಕು. ಪಾರ್ಸಲ್ ತರುವ ಒಬ್ಬ ನಡುವಯಸ್ಸಿನವನು ಗೇಟು ತಿಳಿಯದೆ ಕಂಪೌಂಡು ಸುತ್ತುತ್ತಿದ್ದ. ಅವನಿಗೆ ನನ್ನ ಫೋನಿನಿಂದ ಕರೆ ಮಾಡಿ ಕರೆಸಿಕೊಂಡೆ. ಅವನು ಬಂದವನೇ ಪರದೆ ತೋರಿಸಿ ನಗತೊಡಗಿದ. ಅದರಲ್ಲಿ ನನ್ನ ಹೆಸರು ‘ಕಾನಡಿ ವಾಚಮನ್ ಗೇಟ್ ದೋನ್ ಭಾಂಡಖೋರ’ ಎಂದು ಬಂದಿತ್ತು. ಕನ್ನಡದ ಕಾವಲುಗಾರ, ಎರಡನೆಯ ಗೇಟು, ಜಗಳಗಂಟ.

“ಇದನ್ನ ಯಾರು ಬರದ್ರು?” ಎಂದು ಹಿಂದಿಯಲ್ಲಿ ಕೇಳಿದೆ.

“ನೀ ಯಾರ ಜೋಡಿ ಜಗಳಾಡಿಯೋ ಅವರು,” ಎಂದ. “ಅವರ ಫೋನಿನ್ಯಾಗ ನೀ ಏನಂತ ಇರ್ತೀಯೋ ಅದನ್ನ ಎತ್ತಿ ಊರಿಗೆಲ್ಲಾ ತೋರಸ್ತದ. ನಿಮ್ಮ ಕಂಪನಿ ಮಾಲಪ್ಪಾ ಇದು! ನಿನಗೇ ಗೊತ್ತಿಲ್ಲೇನು?”

ಅವನ ಫೋನಿನಲ್ಲಿ ತಂಗಿಯ ನಂಬರು ಒತ್ತಿ ನೋಡಲು ಹೇಳಿದೆ. ಒತ್ತಿದ. ತಂಗಿ ಸಾಸವಡ ಸೀತಾಫಳ ಮಾವಶಿ ಖೋಲಿ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ಓಣಿಯಲ್ಲಾಗಲಿ ಇಂದಾಪುರದಲ್ಲಾಗಲಿ ಅವಳನ್ನು ‘ತಂಗಿ’ ಎಂದು ಬರೆದುಕೊಳ್ಳುವವರು ಯಾರೂ ಇಲ್ಲ. ಅಂದು ನಾದಿನಿಯ ಫೋನಿನ ಪರದೆಯ ಮೇಲೂ ಗಂಡ ಇದನ್ನೇ ಓದಿರಬೇಕು.

“ತಂಗಿ ಅಂದ್ರ ಏನು?” ಎಂದ ಅವನು.

“ಯಾವುದೋ ಊರಿರಬೇಕು,” ಎಂದು ಹೇಳಿ ಫೋನು ಹಿಂದಕ್ಕೆ ಕೊಟ್ಟೆ.

ಆ ಹೊತ್ತಿಗೇ ತಂಗಿಯ ಹತ್ತಿರ ಓಡಬೇಕಿತ್ತು. ನಾನು ಓಡಿದ್ದು ಮೂರನೆಯ ಮಹಡಿಗೆ. ಕಂಪನಿಯ ಒಳಗಿಂದಲೇ ಆ ನಂಬರನ್ನು ಅಳಿಸಿಹಾಕಿಬಿಟ್ಟರೆ ತಂಗಿಗೆ ಹೇಳುವ ಪ್ರಸಂಗವೇ ಬರುವುದಿಲ್ಲ ಎಂಬುದು ನನ್ನ ಆಸೆ. ಪ್ರೈವಸಿ ವಿಭಾಗದಲ್ಲಿದ್ದ ಹುಡುಗಿ ಬೆಂಗಳೂರಿನವಳು. ಅವಳ ಕಂಪ್ಯೂಟರಿನ ಪರದೆಗೆ ಒಂದು ಕಪ್ಪು ಹಾಳೆ ಅಂಟಿಸಿತ್ತು. ಪಕ್ಕದಲ್ಲಿ ನಿಂತರೆ ಏನೂ ಕಾಣದು. ತಮ್ಮದನ್ನು ಮುಚ್ಚಿಕೊಳ್ಳುವುದು ಇವರಿಗೆ ಚೆನ್ನಾಗಿ ಬರುತ್ತದೆ.

“ಅಯ್ಯೋ, ನೀವು ಕನ್ನಡದೋರಾ? ಕೂತ್ಕೊಳ್ಳಿ,” ಎಂದಳು. ಎಲ್ಲ ಕೇಳಿಸಿಕೊಂಡಳು. ಆಮೇಲೆ, “ನಿಮ್ಮ ಸಿಸ್ಟರ್ ನಮ್ಮ ಆ್ಯಪ್ ಯೂಸ್ ಮಾಡ್ತಾರಾ?”

“ಇಲ್ರೀ ಮೇಡಂ. ಆಕಿ ಹತ್ರ ಬಟನ್ ಫೋನ್ ಅದ.”

“ನಂಬರ್ ತೆಗೀಬೇಕು ಅಂದ್ರೆ ಅವರೇ ರಿಕ್ವೆಸ್ಟ್ ಹಾಕ್ಬೇಕು. ಐಡಿ ಪ್ರೂಫ್ ಬೇಕು, ಅಷ್ಟೇ. ಆಧಾರ್ ಇದ್ರೆ ಸಾಕು.”

“ಆಧಾರ್ ಗಂಡನ ಮನ್ಯಾಗ ಅದ್ರಿ. ಅದನ್ನ ಕೇಳಾಕ ಫೋನ್ ಮಾಡಿದ್ದಕ್ಕೇ ಇಷ್ಟೆಲ್ಲಾ ಆತು.”

“ಹಾಗಾದ್ರೆ ಈಗಿರೋ ಅಡ್ರೆಸ್‌ದು ಏನಾದ್ರೂ ಪ್ರೂಫ್ ಕೊಡ್ಲಿ.”

“ಅಡ್ರೆಸ್ ಯಾರಿಗೂ ತಿಳೀಬಾರದು ಅಂತಲೇ ನಾ ಬಂದೀನ್ರಿ.”

ಅವಳು ಮರುಕದಿಂದಲೇ ನೋಡಿದಳು. ಅವಳ ಮರುಕಕ್ಕೂ ಒಂದು ಫಾರಂ ಇದ್ದಿದ್ದರೆ ತುಂಬಿಸಿಕೊಳ್ಳುತ್ತಿದ್ದಳೇನೋ.

“ಆಕಿ ಎಲ್ಲೂ ಹೂಂ ಅಂದಿಲ್ರಿ ಮೇಡಂ,” ಎಂದೆ.

“ನೀವು ಅಂದಿದೀರಲ್ಲ ಅಣ್ಣ. ಇಲ್ನೋಡಿ.” ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನಾನು ಒತ್ತಿದ ಗುಂಡಿಯ ಹಿಂದೆ ಮೂವತ್ತು ನಲವತ್ತು ಪುಟಗಳ ಕರಾರು ಇತ್ತಂತೆ. ಅದರ ಒಂದು ಸಾಲನ್ನು ಅವಳೇ ಕನ್ನಡದಲ್ಲಿ ಓದಿ ಹೇಳಿದಳು. “ನನ್ನ ಫೋನಿನಲ್ಲಿರೋ ಎಲ್ಲರ ಅನುಮತಿಯನ್ನ ನಾನು ಪಡೆದಿದ್ದೇನೆ ಅಂತ ನೀವು ಒಪ್ಕೊಂಡಿದೀರ. ಸೋ, ಕಾನೂನು ಪ್ರಕಾರ ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ.”

ಅಂದರೆ ತಂಗಿಯನ್ನು ಕೇಳಿಯೇ ಅವಳ ಗುಟ್ಟು ಕೊಟ್ಟಿದ್ದೇನೆಂದು ನಾನು ಆಣೆ ಮಾಡಿದಂತೆ. ಇಂಥ ಆಣೆಯನ್ನು ದೇವರ ಮುಂದೆ ಮಾಡಿಸುವುದಾದರೂ ಮೊದಲು ಕೇಳಿಸಿ, ಆಮೇಲೆ ಕೈ ಇಡಿಸುತ್ತಾರೆ. ಇವರು ಬಾಟಲಿ ತೋರಿಸಿ ಕೈ ಇಡಿಸಿಕೊಂಡರು.

“ಟ್ರೈನಿಂಗ್‌ನಲ್ಲಿ ಇದೆಲ್ಲಾ ಹೇಳಿಕೊಟ್ಟಿದ್ರಲ್ಲ,” ಎನ್ನುತ್ತಾ ಅವಳು ಏನೋ ಹುಡುಕಿದಳು. “ವಾವ್, ನಿಮಗೆ ನೂರಕ್ಕೆ ನೂರು ಬಂದಿದೆ!”

ದೂರು ಬರೆದುಕೊಂಡು ಕಳಿಸಿದಳು. ನಾನು ಇಳಿದು ಬಂದು ಬೀಗದ ಕೆಳಗೆ ನಿಂತೆ.

ಆಮೇಲೆ ಬಂದ ಎರಡು ತಿಂಗಳನ್ನು ಬರೆಯುವುದೇ ನನಗೆ ಕಷ್ಟ. ಗುರುವಾರ ನನಗೆ ವಾರದ ರಜೆ. ಪ್ರತಿ ಗುರುವಾರ ಮಾರ್ಕೆಟ್ ಯಾರ್ಡಿಗೆ ಹೋಗುತ್ತಿದ್ದೆ. ಪ್ರತಿ ಗುರುವಾರ ತಂಗಿ ಉಳ್ಳಾಗಡ್ಡಿ ಆರಿಸುತ್ತಾ ಮಾವಶಿಗೆ ಶಾಪ ಹಾಕುತ್ತಿದ್ದಳು. ಆ ಖೋಲಿಯಲ್ಲಿ ತಾನು ಉಂಡ ಭಾಕರಿಯನ್ನೂ, ಅವಳು ತಲೆಗೆ ಹಚ್ಚಿದ ಎಣ್ಣೆಯನ್ನೂ ನೆನೆನೆನೆದು ಬೈಯುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಹೂಂ ಎನ್ನುವುದು ಅಷ್ಟರಲ್ಲಿ ನನಗೆ ಚೆನ್ನಾಗಿ ರೂಢಿಯಾಗಿತ್ತು.

ದೀಪಾವಳಿಗೆ ಸ್ವಲ್ಪ ಮುಂಚಿನ ಒಂದು ಗುರುವಾರ ಮಾವಶಿಯೇ ಎದುರಾದಳು. ಟೆಂಪೊದಿಂದ ಸೀತಾಫಲದ ಬುಟ್ಟಿಗಳನ್ನು ಇಳಿಸಿಕೊಂಡು ಬರುತ್ತಿದ್ದವಳು ತಂಗಿಯನ್ನು ಕಂಡು ಅಲ್ಲೇ ನಿಂತಳು. ಮುಖ ಅರಳಿತು.

“ಪೋರಿ, ಎಲ್ಲಿ ಹೋಗಿದ್ದಿ? ನಿನ್ನ ಎರಡು ಸೀರೆ ಒಗೆದು ಮಡಚಿ ಇಟ್ಟೀನಿ,” ಎಂದಳು ಮರಾಠಿಯಲ್ಲಿ.

“ನಿನ್ನ ಮಗಳಿಗೆ ಉಡಸು,” ಎಂದು ತಂಗಿಯೂ ಮರಾಠಿಯಲ್ಲೇ ಅಂದಳು, ಸುತ್ತಲಿನ ಹಮಾಲರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. “ನನ್ನ ಹಿಡಕೊಟ್ಟ ಬಾಯಿಲೆ ನನ್ನ ಪೋರಿ ಅನಬ್ಯಾಡ.”

ಮಾವಶಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ನನ್ನ ಕಡೆ ನೋಡಿದಳು. “ನೀನಾದರೂ ಹೇಳು ತಮ್ಮಾ. ನಾನು ಹಾಗೆ ಮಾಡೋ ಹೆಂಗಸೇನು?”

ನಾನು ಹೇಳಿದ್ದು ಇಷ್ಟು: “ಆಕಿ ಹೆದರ್ಯಾಳ ಮಾವಶಿ. ಬಿಡ್ರಿ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ.”

ಮಾವಶಿ ಬುಟ್ಟಿ ಎತ್ತಿಕೊಂಡು ಹೋದಳು. ಎತ್ತುವಾಗ ಒಂದು ಹಣ್ಣು ಉರುಳಿ ಬಿದ್ದು ಒಡೆಯಿತು. ಅವಳು ಬಗ್ಗಲಿಲ್ಲ.

ಮರುದಿನ ಕೆಲಸದಲ್ಲಿದ್ದಾಗ ನನ್ನ ಫೋನಿಗೆ ಕಂಪನಿಯಿಂದ ಒಂದು ಸಂದೇಶ ಬಂತು. ನಿಮ್ಮ ದೂರನ್ನು ಬಗೆಹರಿಸಿ ಮುಚ್ಚಲಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ, ಎಂದು. ಪಾರ್ಸಲ್ಲಿನವನು ಬಂದಾಗ ತಂಗಿಯ ನಂಬರು ಮತ್ತೆ ಒತ್ತಿಸಿ ನೋಡಿದೆ. ತಂಗಿ ಸಾಸವಡ ಸೀತಾಫಳ ಮಾವಶಿ ಖೋಲಿ. ಹಾಗೇ ಇತ್ತು. ಥೂ ಎಂದು ಉಗಿಯಬೇಕೆನ್ನಿಸಿತು. ಆದರೆ ಯಾರ ಮೇಲೆ? ಇವರು ನನ್ನ ದೂರನ್ನು ಮುಚ್ಚಿದ್ದರು. ಮಾವಶಿಯ ದೂರನ್ನು ಹಿಂದಿನ ದಿನವಷ್ಟೇ ನಾನು ಮುಚ್ಚಿದ್ದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ನಯವಾಗಿ ಹೇಳಿ ಕಳಿಸುವುದನ್ನು ನಾನೂ ಕಲಿತಿದ್ದೆ. ಅವರಿಗೆ ಅದು ನೌಕರಿ. ನನಗೆ ಏನು ಬಂದಿತ್ತು?

ಮುಂದಿನ ಗುರುವಾರ ತಂಗಿ ಊಟಕ್ಕೆ ಕುಳಿತಿದ್ದಾಗ ಎಲ್ಲವನ್ನೂ ಹೇಳಿದೆ. ಅವಳು ಭಾಕರಿ ಮುರಿಯುತ್ತಿದ್ದ ಕೈ ನಿಲ್ಲಿಸಿ ನನ್ನ ಫೋನು ಇಸಿದುಕೊಂಡಳು. ಹೆಸರುಗಳನ್ನು ಒಂದೊಂದಾಗಿ ಸರಿಸುತ್ತಾ ಓದಿದಳು. ಮಾಮಾ, ಕಾಕಿ, ನೀರಿನ ಟಾಕಿ, ಹನುಮಾನ ಗುಡಿ.

“ಎಂದ ಗೊತ್ತಾತು ನಿನಗ?” ಎಂದಳು.

“ಎರಡು ತಿಂಗಳಾತು.”

“ಅಂದ್ರ ಹೋದ ವಾರ ಮುದುಕಿ ನಿನ್ನ ಮಾರಿ ನೋಡಿ ಕೇಳಿದಾಗ ಗೊತ್ತಿತ್ತು.”

“ಗೊತ್ತಿತ್ತು.”

ಅವಳು ಫೋನನ್ನು ನನ್ನ ಮುಂದೆ ಇಟ್ಟಳು. “ಒತ್ತಿದ್ದಕ್ಕ ನಾ ಬೈಯಂಗಿಲ್ಲ ಅಣ್ಣಾ. ನನಗ ಬಾಟ್ಲಿ ಕೊಟ್ಟಿದ್ರ ನಾನೂ ಒತ್ತತಿದ್ದೆ. ಆದ್ರ ನನ್ನ ಕಡಿಂದ ಆಕಿಗೆ ಅಂಥಾ ಮಾತ ಆಡಿಸಿದೆಲ್ಲ, ಬಾಜೂಕ ನಿಂತು.” ಭಾಕರಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ಎದ್ದಳು. “ನಡಿ, ಬಸ್ ಹಿಡಿಯೋಣ.”

ಬಸ್ಸು ದಿವೆ ಘಾಟ ಹತ್ತಿ ಸಾಸವಡ ಸೇರುವ ತನಕ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದಳು.

ಸಾಸವಡದಲ್ಲಿ ಮಾವಶಿ ನಮ್ಮನ್ನು ಒಳಗೆ ಕರೆಯಲಿಲ್ಲ. ಅಂಗಳದಲ್ಲಿ ನಿಲ್ಲಿಸಿಯೇ ನೀರು ಕೊಟ್ಟಳು. ಹಿಂದಿನ ಖೋಲಿಯಲ್ಲಿ ಬೇರೆ ಸಂಸಾರ ಬಂದಿತ್ತು. ಹಗ್ಗದ ಮೇಲೆ ಯಾರದೋ ಬಟ್ಟೆಗಳು ಒಣಗುತ್ತಿದ್ದವು. ತಂಗಿ ಅವಳ ಕಾಲಿಗೆ ಬಿದ್ದಳು. ನಾನು ನಡೆದದ್ದನ್ನು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಆ್ಯಪು, ಕರಾರು ಯಾವುದೂ ಅವಳ ತಲೆಗೆ ಹೋಗಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ.

“ನಾನು ನನ್ನ ಮಗಳನ್ನ ಕೇಳಿಬಿಟ್ಟೆ,” ಎಂದಳು ಮಾವಶಿ. “ಪೋರಿ ಇಷ್ಟು ಖಾತ್ರಿಯಿಂದ ಬೈಯ್ತಾಳಂದ್ರ ಏನೋ ಇರಬೇಕು ಅನ್ನಿಸ್ತು. ನೀ ಏನಾದರೂ ಬಾಯಿ ಬಿಟ್ಟೆಯೇನು ಅಂತ ಫೋನಿನ್ಯಾಗ ಕೇಳಿದೆ. ಅತ್ತು ಇಟ್ಟಳು. ದೀಪಾವಳಿಗೂ ಬರಲಿಲ್ಲ.”

ಒಳಗೆ ಹೋಗಿ ಫೋನು ತಂದು ಒಂದು ನಂಬರು ಹಚ್ಚಿ ನನ್ನ ಕೈಗೆ ಕೊಟ್ಟಳು. “ಹೇಳು. ಆಕಿಗೂ ನೀನೇ ಹೇಳು.”

ಮುಖ ಕಾಣದ ಒಬ್ಬ ಹೆಂಗಸಿಗೆ ನನ್ನ ತಪ್ಪನ್ನು ಮೊದಲಿನಿಂದ ಹೇಳಿದೆ. ಕೊನೆಗೆ, “ಆಯಿಗೆ ಕೊಡಿ,” ಎಂದಳು. ಮಾವಶಿ ಫೋನು ಕಿವಿಗಿಟ್ಟುಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ನಾವಿಬ್ಬರೂ ಅಂಗಳದಲ್ಲಿ ನಿಂತೆವು. ಬಹಳ ಹೊತ್ತಿನ ಮೇಲೆ ಹೊರಬಂದು ಮಡಚಿದ ಎರಡು ಸೀರೆಗಳನ್ನು ತಂಗಿಯ ಕೈಗಿಟ್ಟಳು. ನನ್ನ ಕಡೆ ನೋಡಲಿಲ್ಲ.

ಈ ವರ್ಷವೂ ಪ್ರೈವಸಿ ವಾರ ಬಂತು, ಚೀಟಿಯೂ ಬಂತು. ನನ್ನ ಪರೀಕ್ಷೆ ನಾನೇ ಓದಿ ಬರೆಯುತ್ತೇನೆಂದು ಸೂಪರ್‌ವೈಸರಿಗೆ ಹೇಳಿದೆ. ಏಳನೆಯ ಪ್ರಶ್ನೆಗೆ, ಇನ್ನೊಬ್ಬರ ನಂಬರನ್ನು ಕೇಳದೆ ಕೊಡಬಹುದು ಎಂದು ಒತ್ತಿದೆ. ಕಂಪನಿ ಮಾಡುತ್ತಿರುವುದೇ ಅದಲ್ಲವೇ? ಉಳಿದವುಗಳಿಗೂ ಕಣ್ಣಾರೆ ಕಂಡದ್ದನ್ನೇ ಒತ್ತಿದೆ. ಫೇಲಾದೆ. “ತಲಿ ಕೆಟ್ಟದೇನು ಅಣ್ಣಾ?” ಎಂದು ಸೂಪರ್‌ವೈಸರು ನನ್ನನ್ನೆಬ್ಬಿಸಿ ತಾವೇ ಕುಳಿತು ಒತ್ತಿದರು. ನೂರಕ್ಕೆ ನೂರು. ಗೋಡೆಯ ಮೇಲಿದೆ, ಬೇಕಾದವರು ಬಂದು ನೋಡಬಹುದು. ಮೊದಲು ರಿಜಿಸ್ಟರಿನಲ್ಲಿ ನಂಬರು ಬರೆಯಬೇಕು.

ತಂಗಿ ಹೊಸ ಸಿಮ್ ತೆಗೆದುಕೊಂಡಿದ್ದಾಳೆ. ಅದರ ನಂಬರು ನನ್ನ ಹತ್ತಿರ ಇಲ್ಲ. “ನೋಡಬೇಕನಿಸಿದ್ರ ಬಂದು ನೋಡು,” ಎಂದಳು. ಹಾಗಾಗಿ ಗುರುವಾರ ಗುರುವಾರ ಹೋಗುತ್ತೇನೆ. ಕಳೆದ ವಾರ ಹೋದಾಗ ಅವಳು ಉಳ್ಳಾಗಡ್ಡಿ ರಾಶಿಯ ಹತ್ತಿರ ಇರಲಿಲ್ಲ. ಜೊತೆಯ ಹೆಂಗಸೊಬ್ಬಳು ಕುಳಿತು ಆರಿಸುತ್ತಿದ್ದಳು. ಓದು ಬರಹ ಏನೂ ಇಲ್ಲದವಳು, ಹೆಬ್ಬೆಟ್ಟಿನವಳು.

“ನಮ್ಮ ತಂಗಿ ಎಲ್ಲಿಗೆ ಹೋಗ್ಯಾಳವ್ವಾ?” ಎಂದು ಕೇಳಿದೆ.

ಅವಳು ತಲೆ ಎತ್ತಿ ನೋಡಿದಳು. “ಹೇಳಂಗಿಲ್ರಿ.”

“ನಾ ಆಕಿ ಅಣ್ಣ. ನನ್ನ ಗುರುತು ಸಿಗಲಿಲ್ಲೇನು?”

“ಗುರುತು ಅದ್ರಿ. ಅಣ್ಣ ಅಂತ ಗೊತ್ತದ,” ಎಂದು ಕೊಳೆತ ಒಂದು ಗಡ್ಡೆಯನ್ನು ಆಚೆ ಎಸೆದಳು. “ಆದ್ರೂ ಆಕಿನ್ನ ಕೇಳಿ ಹೇಳ್ತೀನಿ. ಬರೋ ಗುರುವಾರ ಬರ್ರಿ.”